ಹೆಸರಿಡದ ಮೇಕೆ

ಪಶು ಸಂಶೋಧಕರ ಹುದ್ದೆಗೆ ಸಂದರ್ಶನ ನಡೆದಿತ್ತು. ಬಾಗಿಲಲ್ಲಿ ನಿಂತ ಜವಾನನ ಕಣ್ಣು ಪಟ್ಟಿಯ ಮೇಲೆ, ಕಿವಿ ಮಾತ್ರ ಬೆಂಚಿನಲ್ಲಿದ್ದ ಇಬ್ಬರು ಹೆಂಗಸರ ಕಡೆ.

“ಆರು ವರ್ಷ ಆ ಕುರುಚಲು ಕಾಡಲ್ಲಿ ಏನ್ಮಾಡಿದ್ರಿ ಅಕ್ಕಾ?” ಚಿಕ್ಕವಳು ಕೇಳಿದಳು.

“ಕಡಿಮೆ ಮೇವಲ್ಲಿ ಮೇಕೆ ಸಾಕೋದು ಹೇಗೆ ಅಂತ ನೋಡ್ತಿದ್ದೆ. ಬಡವರ ಕೈಗೆಟುಕಬೇಕಲ್ಲ.”

“ಒಬ್ಬರೇನಾ? ಮಾತಿಗೆ ಯಾರಿದ್ರು?”

“ಹದಿನೇಳನೇ ನಂಬರ್ ಮೇಕೆ. ಎಲ್ಲಾ ಅದಕ್ಕೇ ಹೇಳ್ಕೋತಿದ್ದೆ.”

“ಹೆಸರಿಟ್ಟಿರ್ಲಿಲ್ವಾ?”

“ಇಡಬಾರದಮ್ಮ. ಕೊನೆಗೆ ಕೊಯ್ದು ಹೊಟ್ಟೆ ಪರೀಕ್ಷೆ ಮಾಡೋಳೂ ನಾನೇ ಅಲ್ವಾ?”

ಚಿಕ್ಕವಳು ಕೈಯಲ್ಲಿದ್ದ ತನ್ನ ನಂಬರಿನ ಚೀಟಿ ನೋಡಿಕೊಂಡಳು.

ಬೆಳಗಿನಿಂದ ಎಲ್ಲರನ್ನೂ ನಂಬರಿನಲ್ಲೇ ಕೂಗಿದ್ದ ಜವಾನ, ಈ ಸಲ ಪಟ್ಟಿಯಲ್ಲಿ ಹುಡುಕಿ ದೊಡ್ಡವಳನ್ನು ಹೆಸರು ಹಿಡಿದು ಕರೆದ.

ಆಕೆ ಬೇರೆ ಯಾರನ್ನೋ ಕರೆದನೆಂದು ಅತ್ತಿತ್ತ ನೋಡಿದಳು.

“ಓ, ನಾನಾ?” ಎನ್ನುತ್ತ ಎದ್ದು ಒಳಗೆ ಹೋದಳು.