ದೆಂಬೀನಾ ಕಾಡನ್ನು ಗುಡಿಸಿದವನ ಮಾತು

ಅಧ್ಯಕ್ಷ ಪೀಠದಲ್ಲಿರುವ ಬಡಾವಣೆ ಸಮಿತಿಯ ಶ್ರೀ ಲೂಟ್ಸಿಯಾನ್ ಪಿಯೆತ್ರಾಸ್ ಅವರೇ, ನಾಳೆ ಬೆಳಿಗ್ಗೆಯಿಂದ ನನ್ನ ಕುರ್ಚಿಯಲ್ಲಿ ಕೂರಲಿರುವ ಅರಣ್ಯಾಧಿಕಾರಿ ಕುಮಾರಿ ಕಾಯಾ ಅವರೇ, ಮೂವತ್ತೊಂದು ವರ್ಷ ನನ್ನ ಸಿಟ್ಟನ್ನು ಸಹಿಸಿಕೊಂಡ ಕೆಲಸಗಾರ ಬಂಧುಗಳೇ, ಹಿಂಬಾಗಿಲಿನಿಂದ ಗಸಗಸೆ ಕೇಕಿನ ಘಮ ಬರುತ್ತಿದ್ದರೂ ನನಗಾಗಿ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ಈಗತಾನೇ ಅಧ್ಯಕ್ಷರು ನನ್ನನ್ನು ಬಾಯಿತುಂಬ ಹೊಗಳಿದರು. ವಾರ್ಸಾ ನಗರದಲ್ಲಿ ನಮ್ಮ ದೆಂಬೀನಾದಷ್ಟು ಚೊಕ್ಕವಾದ ಕಾಡು ಇನ್ನೊಂದಿಲ್ಲ ಎಂದರು. ಎಲೆ ಬಾಚುವ ಈ ಹಲ್ಲುಕುಂಟೆಗೆ ಹಿತ್ತಾಳೆ ಬಳಿಸಿ, ನನ್ನ ಹೆಸರು ಕೆತ್ತಿಸಿ ಉಡುಗೊರೆ ಕೊಟ್ಟರು. ಮನೆಯಲ್ಲಿ ಇದನ್ನು ಎಲ್ಲಿ ಇಡುವುದೆಂದು ಹೆಂಡತಿ ಆಗಲೇ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾಳೆ.

ಕಾಡನ್ನು ಏಕೆ ಗುಡಿಸಬೇಕು? ಈ ಪ್ರಶ್ನೆಯನ್ನು ನಾನು ಯಾವತ್ತೂ ಕೇಳಿಕೊಂಡವನಲ್ಲ. ನನ್ನ ಅಪ್ಪ ಸ್ಮಶಾನದ ಕಾವಲುಗಾರ. ಸತ್ತವರಿಗೆ ದೀಪ ಹಚ್ಚುವ ಸಕಲ ಸಂತರ ಹಬ್ಬದ ದಿನ ಸಮಾಧಿಯ ಮೇಲೆ ಒಂದು ಒಣಗಿದೆಲೆ ಇದ್ದರೂ ಆ ಮನೆತನವನ್ನು ಜನ ಹೇಗೆ ಆಡಿಕೊಳ್ಳುತ್ತಾರೆಂದು ನಿಮಗೆ ಗೊತ್ತು. ನಮ್ಮ ಕಾಡಿನ ಹಾದಿ ಹೋಗಿ ಮುಟ್ಟುವುದೂ ಸ್ಮಶಾನವನ್ನೇ. ದೀಪ ಹಿಡಿದು ಸಾವಿರಾರು ಜನ ಓಡಾಡುವ ಜಾಗ ಕೊಳಕಾಗಿರಬಹುದೇ? ಹಾಗಾಗಿ ಹಬ್ಬದ ಹೊತ್ತಿಗೆ ಹಾದಿಯನ್ನಷ್ಟೇ ಅಲ್ಲ, ಇಡೀ ಕಾಡನ್ನು ಬಾಚಿಸುತ್ತಿದ್ದೆ. ಎಲೆ, ಓಕ್ ಕಾಯಿ, ಬಿದ್ದ ಕೊಂಬೆ, ಸತ್ತ ಮರ, ಎಲ್ಲವೂ ಲಾರಿ ಹತ್ತಿ ಹೋಗುತ್ತಿದ್ದವು. ನೀವು ಶಹಬ್ಬಾಸ್ ಎಂದಿರಿ. ನಾನು ಉಬ್ಬಿದೆ.

ಆಗ ಕೆಲಸಕ್ಕಿದ್ದವರಲ್ಲಿ ಬ್ರಿಗಿದಾ ಎಂಬ ಹೆಂಗಸಿದ್ದಳು. ಈಗಿನ ಹುಡುಗರಿಗೆ ಅವಳ ನೆನಪಿಲ್ಲ. ಕಾಡಿನ ಬಡಗಣ ಮೂಲೆ ಅವಳ ಪಾಲಿನದು. ಪ್ರತಿ ಸಂಜೆ ವರದಿಯಲ್ಲಿ ‘ಗುಡಿಸಿದೆ’ ಎಂದು ಮುದ್ದಾಗಿ ಬರೆಯುತ್ತಿದ್ದಳು. ಹತ್ತು ವರ್ಷ ನಾನು ಸಹಿ ಹಾಕಿದೆ. ಒಂದು ಅಕ್ಟೋಬರಿನಲ್ಲಿ ಎಲ್ಲರನ್ನೂ ಕರೆದುಕೊಂಡು ಆ ಮೂಲೆಗೆ ಹೋದರೆ ಮೊಣಕಾಲುದ್ದ ಎಲೆ, ಅದರ ನಡುವೆ ಎದೆಯೆತ್ತರದ ಪೊದೆ!

“ಏನಮ್ಮ ಇದು ಕಸದ ಗುಡ್ಡೆ?” ಎಂದೆ.

“ಕಸ ಅಲ್ಲ ಸಾರ್, ಕಣ್ಬಿಟ್ಟು ನೋಡಿ. ಓಕ್ ಸಸಿಗಳು. ಇನ್ನೂರ ಹನ್ನೆರಡಿವೆ.”

“ಮತ್ತೆ ಗುಡಿಸ್ದೆ ಅಂತ ಬರ್ದಿದೀಯಲ್ಲ?”

“ನೀವು ಕಾಗದ ನೋಡ್ತೀರೇ ಹೊರ್ತು ಕಾಡು ನೋಡಲ್ಲ. ಅದ್ಕೇ ಕಾಗದದಲ್ಲೇ ಗುಡಿಸ್ದೆ.”

ಹನ್ನೊಂದು ಜನ ಕೆಲಸಗಾರರು ಗೊಳ್ಳೆಂದು ನಕ್ಕರು. ಸಭಿಕರೇ, ಸುಳ್ಳು ವರದಿ ಬರೆದಳೆಂದು ಅವಳನ್ನು ಬೀದಿ ಗುಡಿಸುವ ಕೆಲಸಕ್ಕೆ ಎತ್ತಿ ಹಾಕಿಸಿದೆ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದೆ. ನಿಜ ಹೇಳಬೇಕೆಂದರೆ ಆ ನಗುವಿಗಾಗಿ. ಮಾರನೆಯ ದಿನ ಕತ್ತರಿಸುವ ಯಂತ್ರವನ್ನು ನಾನೇ ಹೆಗಲಿಗೇರಿಸಿದೆ. ಬೇರೆಯವರ ಕೈಗೆ ಕೊಡಲಿಲ್ಲ. ಇನ್ನೂರ ಹನ್ನೆರಡು ಸಸಿಗೆ ಅರ್ಧ ಗಂಟೆ ಸಾಕಾಯಿತು. ಆಮೇಲೆ ನೆಲವನ್ನೂ ಬಾಚಿಸಿದೆ.

ಹೋದ ವಸಂತದಲ್ಲಿ ವಿಶ್ವವಿದ್ಯಾಲಯದವರು ಬಂದು ಮರಗಳನ್ನು ಅಳೆದರು. ದೆಂಬೀನಾದ ಓಕ್‌ಗಳೆಲ್ಲ ಮುದುಕರು, ಅರವತ್ತು ವರ್ಷಕ್ಕಿಂತ ಎಳೆಯದು ಒಂದೂ ಇಲ್ಲ ಎಂದರು. ನನಗಿಂತ ಹಿಂದಿನವರೂ ಗುಡಿಸಿದವರೇ. ಮುದುಕರೋ ಒಂದೊಂದು ಗಾಳಿಗೆ ಹತ್ತಿಪ್ಪತ್ತು ಮಂದಿ ಉರುಳುತ್ತಿದ್ದಾರೆ. “ನಲವತ್ತು ವರ್ಷದಲ್ಲಿ ಇಲ್ಲಿ ಕಾಡಿರಲ್ಲ ಸಾರ್, ಬರೀ ಹಾದಿ ಇರುತ್ತೆ” ಎಂದು ಅವರಲ್ಲೊಬ್ಬ ಹುಡುಗಿ ಹೇಳಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನಗೆ ಆಗಲೂ ಪೂರ್ತಿ ಬುದ್ಧಿ ಬಂದಿರಲಿಲ್ಲ. ಹನ್ನೆರಡು ಹೆಕ್ಟೇರಿಗೆ ಬೇಲಿ ಹಾಕಿ, ಎಲೆಯನ್ನೂ ಬಿದ್ದ ಮರವನ್ನೂ ಹಾಗೇ ಬಿಡೋಣ ಎಂದು ಕಾಯಾ ಯೋಜನೆ ಮಾಡಿದರು. ಕಾಡು ಕೊಳೆಯಾಗುತ್ತದೆ, ಬೇಡ ಎಂದು ನೀವು ಆರುನೂರು ಜನ ಅರ್ಜಿ ಬರೆದಿರಿ. ಅದರ ಮೊದಲ ಸಹಿ ನನ್ನದು.

ಇಂದು ಬೆಳಿಗ್ಗೆ ಕಚೇರಿಗೆ ಹೋಗಿ ಆ ಸಹಿಯನ್ನು ಹೊಡೆದುಹಾಕಿ ಬಂದಿದ್ದೇನೆ. ಉಳಿದವು ನಿಮ್ಮವು. ಹಬ್ಬಕ್ಕೆ ನಿಮ್ಮವರ ಸಮಾಧಿಯನ್ನು ಕನ್ನಡಿಯಂತೆ ಒರೆಸಿ, ನಾನೂ ಒರೆಸುತ್ತೇನೆ. ಆದರೆ ಕಾಡು ಸತ್ತವರ ಜಾಗವಲ್ಲ. ನಾನದನ್ನು ಹಾಗೆ ನೋಡಿಕೊಂಡೆ, ಅದು ಹಾಗೆಯೇ ಆಗುತ್ತಿದೆ. ಎಲೆ ಬಿದ್ದಿದೆ ಎಂದು ಕಾಯಾ ಎಂಬ ಈ ಹೆಣ್ಣುಮಗಳಿಗೆ ದಯವಿಟ್ಟು ಫೋನ್ ಮಾಡಬೇಡಿ.

ಕಳೆದ ಭಾನುವಾರ ಬ್ರಿಗಿದಾಳ ಮನೆ ಹುಡುಕಿಕೊಂಡು ಹೋಗಿದ್ದೆ. ಗಾಜಿನ ಲೋಟದಲ್ಲಿ ಚಹಾ ಕೊಟ್ಟಳು. ನಾನು ತಡವರಿಸುತ್ತಾ ತಪ್ಪಾಯಿತು ಎಂದೆ. ಅವಳು ಸಿಟ್ಟಾಗಲಿಲ್ಲ.

“ನನ್ನ ಕ್ಷಮೆ ಕಟ್ಕೊಂಡು ಏನ್ ಮಾಡ್ತೀರಿ ಸಾರ್? ನಾನು ಬೀದಿ ಗುಡ್ಸಿ ಪಿಂಚಣಿ ತಗೊಂಡೆ. ಆ ಸಸಿಗಳಲ್ಲಿ ದೊಡ್ಡವಕ್ಕೆ ಈಗ ಮೂವತ್ತು ವರ್ಷ ಆಗಿರ್ತಿತ್ತು. ಈ ಅಕ್ಟೋಬರಿಗೆ ಮೊದಲ್ನೇ ಕಾಯಿ ಉದುರಿಸ್ತಿದ್ವು.”

ನಾನು ಚಹಾ ಕುಡಿದು ಎದ್ದು ಬಂದೆ. ನನ್ನ ಮಾತನ್ನು ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಋಣಿಯಾಗಿದ್ದೇನೆ. ನಮಸ್ಕಾರ.