ಫೋನಿನಲ್ಲಿ ‘ಚೆನ್ನಾಗಿದೆ’ ಎಂದವಳು

ಸರ್ಟಿಫಿಕೇಟುಗಳಿಗೆ ಸೀಲು ಹಾಕಿಸುವ ಕಚೇರಿಯಲ್ಲಿ ನಾನು ಸರದಿ ಕಾಯುತ್ತಿದ್ದೆ. ಮುಂದಿನ ಬೆಂಚಿನಲ್ಲಿ ಫೈಲು ಅಪ್ಪಿಕೊಂಡ ಹುಡುಗಿ, ಪಕ್ಕದಲ್ಲಿ ಅವಳ ಚಿಕ್ಕಮ್ಮ.

“ವಿದೇಶದಲ್ಲಿ ಇಂಗ್ಲಿಷ್ ಟೀಚರ್ ಕೆಲಸ, ಅದೂ ನೀವಿದ್ದ ಸ್ಕೂಲಲ್ಲೇ. ನಿಮಗೆ ಖುಷಿಯಾಗುತ್ತೆ ಅಂದ್ಕೊಂಡೆ ಚಿಕ್ಕಮ್ಮ.”

“ವಾರಕ್ಕೆ ಎಷ್ಟು ಪೀರಿಯಡ್ ಅಂತ ಬರೆದಿದ್ದಾರೆ?”

“‘ಅಗತ್ಯಕ್ಕೆ ತಕ್ಕಂತೆ’ ಅಂತಿದೆ.”

“ಪಾಸ್‌ಪೋರ್ಟು ಯಾರ ಹತ್ರ ಇರುತ್ತಂತೆ?”

“ಅದು ಕೇಳಿಲ್ಲ. ಆದ್ರೆ ಅಲ್ಲಿನ ಟೀಚರ್ ಒಬ್ರ ನಂಬರ್ ಕೊಟ್ಟಿದ್ರು, ಮಾತಾಡಿದೆ. ಎಲ್ಲಾ ಚೆನ್ನಾಗಿದೆ ಅಂದ್ರು.”

“ಅನ್ನದೆ ಏನು ಮಾಡ್ತಾಳೆ? ಪ್ರಿನ್ಸಿಪಾಲರ ರೂಮಲ್ಲಿ, ಅವರ ಎದುರಿಗೇ ಕೂರಿಸಿ ಮಾತಾಡಿಸ್ತಾರೆ.”

“ನಿಮಗೆ ಹೇಗೆ ಗೊತ್ತು?”

“ಆ ಕುರ್ಚೀಲಿ ಒಂದು ವರ್ಷ ಕೂತಿದ್ದವಳೇ ನಾನು. ನನ್ನ ಮಾತು ನಂಬಿ ಆರು ಜನ ಬಂದ್ರು.”

“ಮನೇಲೂ ಚೆನ್ನಾಗಿತ್ತು ಅಂತಾನೇ ಹೇಳಿದ್ರಲ್ಲ!”

“ಅಷ್ಟು ಸಲ ಹೇಳಿದ್ಮೇಲೆ ಬೇರೆ ಹೇಳೋಕೆ ನನಗೆ ಮುಖ ಎಲ್ಲಿತ್ತು?”

ಹುಡುಗಿ ಫೈಲನ್ನು ಮಡಿಲಿಗಿಳಿಸಿದಳು.

“ಆ ಆರು ಜನ ಈಗ ಎಲ್ಲಿದ್ದಾರೆ?”

“ಐದು ಜನ ಹೇಗೋ ಪಾಸ್‌ಪೋರ್ಟು ಬಿಡಿಸ್ಕೊಂಡು ವಾಪಸ್ ಬಂದ್ರು. ನನ್ನ ಕಂಡ್ರೆ ಮುಖ ತಿರುಗಿಸ್ತಾರೆ.”

“ಇನ್ನೊಬ್ರು?”

“ನಿನ್ನ ಹತ್ರ ಮಾತಾಡಿದವಳಿಗೆ ಮಾತಿನ ಮಧ್ಯೆ ಕೆಮ್ಮು ಬರ್ತಿತ್ತಾ?”

“ಹೂಂ. ಪಾಪ, ತುಂಬಾ ಕೆಮ್ತಿದ್ರು.”

“ಅವಳೇ.”

ಕೌಂಟರಿನವನು ಹುಡುಗಿಯ ನಂಬರು ಕೂಗಿದ. ಇಬ್ಬರೂ ಎದ್ದು ಹೊರಬಾಗಿಲ ಕಡೆ ನಡೆದರು. ಅವನು ಇನ್ನೆರಡು ಸಲ ಕೂಗಿ, ನನ್ನನ್ನು ಕರೆದ.