ಮಾಲೀಕರು: ದಿವಂಗತರು

ನಗೋದಾದ್ರೆ ಈಗಲೇ ನಕ್ಕುಬಿಡಿ, ನಡುವೆ ಬಾಯಿ ಹಾಕಬೇಡಿ. ಇದು ನನ್ನ ದೊಡ್ಡಮ್ಮನ ಮಗನಿಗೆ ಆದದ್ದು. ಹಳೇ ಉಳಿ, ಗರಗಸ ಕಂಡ್ರೆ ಪ್ರಾಣ ಬಿಡ್ತಿದ್ದ. ಅದಕ್ಕೇ ತುಕ್ಕಣ್ಣ ಅಂತ ಕರೀತಿದ್ವಿ.

ಅವತ್ತು ರಾತ್ರಿ ಹನ್ನೊಂದಾಗಿತ್ತು. ಹಾಳು ಬಾವಿ ಪಕ್ಕದ ಕೆಸರು ದಾರೀಲಿ ಒಬ್ಬನೇ ಮನೆಗೆ ಬರ್ತಿದ್ದ. ಸರ್ರ್... ಸರ್ರ್... ಟಕ್. ಮರ ನುಣುಪು ಮಾಡೋ ಹತ್ತರಿಯ ಸದ್ದು. ಆ ಟಕ್ ಅನ್ನೋದು, ಅಲಗು ಮರದ ಗಂಟಿಗೆ ತಾಗಿದ್ದು. ನೋಡಿದ್ರೆ ಬಾವಿಕಟ್ಟೆ ಮೇಲೆ ಪಕ್ಕದ ಬೀದಿಯ ಬಡಗಿ ಅಜ್ಜ ಕೂತಿದ್ದ. ಕೈಯಲ್ಲಿ ಏನೂ ಇಲ್ಲ... ಸದ್ದು ಮಾತ್ರ ಬರ್ತಾನೇ ಇತ್ತು.

"ನಾನು ಸತ್ತೆ ಅಂತ ಬರೆದ್ಯಂತಲ್ಲೋ ಮಗಾ?"

"ತಪ್ಪಾಯ್ತಜ್ಜಾ..."

"ಬೆಳಗಾಗೋದ್ರೊಳಗೆ ಅಳಿಸು. ನಾಳೆ ಮೊಮ್ಮಗಳು ಬರ್ತಾಳೆ. ಒಂದ್ಸಲ ನೋಡ್ಬೇಕು..."

ಏನು ಬರೆದಿದ್ದ ಅಂತ ಹೇಳ್ತೀನಿ ಕೇಳಿ. ಹಳೇ ಕೈ ಉಪಕರಣ ಸಂಗ್ರಹಿಸೋ ನಾವು ಹನ್ನೆರಡು ಜನ ಸೇರಿ ಒಂದು ವೆಬ್‌ಸೈಟ್ ಕಟ್ತಿದ್ವಿ. ಒಂದೊಂದಕ್ಕೂ ಫೋಟೋ, ಅಳತೆ, ಮಾಲೀಕರ ವಿವರ. ಮಾಲೀಕ ಬದುಕಿದ್ರೆ ಅವನ ಒಪ್ಪಿಗೆ ಬೇಕು, ಸತ್ತಿದ್ರೆ ಬೇಡ. ಒಬ್ಬ ಬರೆದದ್ದನ್ನ ಇನ್ನೊಬ್ಬ ಪರೀಕ್ಷಿಸಿ ಒಪ್ಪಬೇಕು. ಅಳಿಸೋಕೂ ಅದೇ ಇಬ್ಬರು ಗುಂಡಿ ಒತ್ತಬೇಕು.

ಅಜ್ಜನ ಹತ್ರ ಅವನ ಅಪ್ಪನ ಕಾಲದ ಹತ್ತರಿ ಇತ್ತು. "ನಾನಿರೋವರೆಗೂ ಬೇಡ" ಅಂದಿದ್ದ. ಅಜ್ಜ ಹಾಸಿಗೆ ಹಿಡಿದ ಮೇಲೆ, ನೋಡೋ ನೆಪದಲ್ಲಿ ಹೋದ ತುಕ್ಕಣ್ಣ ಕದ್ದು ಫೋಟೋ ತೆಗೆದ. ಮಾಲೀಕರ ಜಾಗದಲ್ಲಿ ದಿವಂಗತರು ಅಂತ ಬರೆದ. ಒಪ್ಪಿದ್ದು ನಾನು. ಅಜ್ಜ ಬದುಕಿರೋದು ನನಗೆ ಚೆನ್ನಾಗೇ ಗೊತ್ತಿತ್ತು. ಇವತ್ತೋ ನಾಳೆಯೋ ಹೋಗೋ ಜೀವ, ಯಾರು ಕೇಳ್ತಾರೆ ಅಂದ್ಕೊಂಡೆ.

ತುಕ್ಕಣ್ಣ ಬಿದ್ದೂ ಎದ್ದೂ ಮನೆಗೆ ಓಡಿದ. ತನ್ನ ಪಾಲಿನ ಗುಂಡಿ ಒತ್ತಿ ನನಗೆ ಫೋನ್ ಮಾಡಿದ. ಬಾವಿ ಹತ್ರ ಕಂಡದ್ದನ್ನೆಲ್ಲ ಒಂದೇ ಉಸಿರಲ್ಲಿ ಹೇಳಿದ.

"ಅಳಿಸೋಕೆ ನೀನೂ ಒತ್ತೋ... ನಿನ್ನ ಕಾಲಿಗೆ ಬೀಳ್ತೀನಿ..."

"ಎದ್ದು ಕೂರೋಕಾಗದ ಮುದುಕ ಬಾವಿ ತನಕ ಬಂದ್ನಾ? ನೀರು ಕುಡಿದು ಮಲ್ಕೋ."

ನೂರಾರು ಜನ ಮೆಚ್ಚಿದ ಪುಟ ಅದು. ಕೈಬಿಡೋಕೆ ಮನಸ್ಸಾಗಲಿಲ್ಲ. ಫೋನ್ ಆಫ್ ಮಾಡಿ ಮಲಗಿದೆ. ಚೆನ್ನಾಗೇ ನಿದ್ದೆ ಬಂತು, ಸುಳ್ಳು ಯಾಕೆ ಹೇಳಲಿ.

ಬೆಳಕು ಹರಿಯೋ ಹೊತ್ತಿಗೆ ಅಜ್ಜ ಹೋದ. ಮೊಮ್ಮಗಳು ಬಂದಿದ್ದು ಒಂಬತ್ತಕ್ಕೆ. ಅವಳ ಮುಖ ನೋಡಲಾರದೆ ತುಕ್ಕಣ್ಣ ಗೋಡೆ ಕಡೆ ತಿರುಗಿ ಬಿಕ್ಕಿದ. ನಾನು ಅವನ ಕಿವಿಯಲ್ಲಿ ಹೇಳಿದೆ, "ಇನ್ನೇನು ಅಳಿಸ್ತೀಯೋ? ಬರೆದಿದ್ದು ಈಗ ಸರಿಯಾಗೇ ಇದೆ."

ದೇಹ ಎತ್ತೋಕೆ ನಾನು ಕಾಲಿನ ಕಡೆ ನಿಂತೆ. ಹೊದಿಕೆ ಸರೀತು. ಒಂದು ತಿಂಗಳಿಂದ ನೆಲ ಮುಟ್ಟದ ಕಾಲು... ಅಂಗಾಲಿನ ತುಂಬ ಹಸಿ ಕೆಸರು.

ಯಾರೂ ನೋಡೋ ಮೊದಲು ಕರ್ಚೀಫಲ್ಲಿ ಒರೆಸಿಬಿಟ್ಟೆ. ನಂಬಿದ್ರೆ ನಂಬಿ, ಇಲ್ಲಾಂದ್ರೆ ಬಿಡಿ. ಒರೆಸಿದವನು ನಾನೇ.